ರಕ್ತದ ಚೀಲ ಕೈಗೆ ಬಂದ ಮೇಲೆ: ಸನ್ನಿವೇಶ ಬರೆದು ಒಂದು ತರಬೇತಿ ತಿದ್ದಿದ ಪ್ರಕರಣ

ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್‌ಗಳಿಗೆ, ರೋಗಿಗೆ ರಕ್ತ ಕೊಡುವುದು ಹೇಗೆ ಅಂತ ಕಲಿಸುವ ಅರ್ಧ ದಿನದ ತರಬೇತಿ ಅದು. ದೊಡ್ಡ ಆಸ್ಪತ್ರೆ, ಅನುಭವ ಇದ್ದ ಬೋಧಕರು. ಸ್ಲೈಡ್‌ಗಳಿದ್ದವು, ಕೈಪಿಡಿ ಇತ್ತು, ಕೊನೆಗೊಂದು ಬಹು ಆಯ್ಕೆಯ ಪರೀಕ್ಷೆ. ಹೆಚ್ಚುಕಮ್ಮಿ ಎಲ್ಲರೂ ಪಾಸಾಗುತ್ತಿದ್ದರು. ಆದರೂ ವಾರ್ಡಿನ ಹಿರಿಯ ಸಿಸ್ಟರ್‌ಗಳಿಗೆ ಸಮಾಧಾನ ಇರಲಿಲ್ಲ. "ಪ್ರಶ್ನೆ ಕೇಳಿದ್ರೆ ಪಟಪಟ ಅಂತ ಹೇಳ್ತಾರೆ. ಚೀಲ ಕೈಗೆ ಬಂದಾಗ ಮಾತ್ರ ಪ್ರತಿ ಹೆಜ್ಜೆಗೂ ನಮ್ಮ ಮುಖ ನೋಡ್ತಾರೆ" ಅನ್ನೋದು ಅವರ ದೂರು. ಯಾವ ರೋಗಿಗೂ ತೊಂದರೆ ಆಗಿರಲಿಲ್ಲ. ಆದರೆ ಸ್ವಲ್ಪದರಲ್ಲಿ ತಪ್ಪಿದ ಘಟನೆಗಳು ದಾಖಲಾಗಿದ್ದವು. ಒಂದು ಕಡೆ ಪಕ್ಕದ ಹಾಸಿಗೆಯ ರೋಗಿಯ ಹತ್ತಿರ ಚೀಲ ಹೋಗಿ ವಾಪಸ್ ಬಂದಿತ್ತು. ಇನ್ನೊಂದು ಕಡೆ ರೋಗಿ ನಡುಗುತ್ತಿದ್ದರೂ ರಕ್ತ ಹನಿಯುತ್ತಲೇ ಇತ್ತು.

ರಕ್ತದ ವಿಷಯದಲ್ಲಿ "ಸ್ವಲ್ಪದರಲ್ಲಿ ತಪ್ಪಿತು" ಅನ್ನೋದನ್ನು ಹಗುರವಾಗಿ ತೆಗೆದುಕೊಳ್ಳೋಕೆ ಆಗಲ್ಲ. ಗುಂಪು ಹೊಂದದ ರಕ್ತ ಸ್ವಲ್ಪವೇ ಒಳಗೆ ಹೋದರೂ ಜೀವಕ್ಕೆ ಅಪಾಯ. ಬ್ರಿಟನ್ನಿನಲ್ಲಿ ಇಂಥ ಘಟನೆಗಳನ್ನು ಒಂದೆಡೆ ಕಲೆಹಾಕುವ ಶಾಟ್ ಎಂಬ ವ್ಯವಸ್ಥೆ 1996ರಿಂದ ನಡೆಯುತ್ತಿದೆ. ಅದರ ವರದಿಗಳು ಮತ್ತೆ ಮತ್ತೆ ತೋರಿಸುವುದು ಒಂದೇ: ಜಾಸ್ತಿ ಘಟನೆಗಳ ಹಿಂದೆ ಇರುವುದು ರಕ್ತದ ದೋಷ ಅಲ್ಲ, ಮನುಷ್ಯರ ಕೆಲಸದಲ್ಲಾದ ತಪ್ಪು. ಅದರಲ್ಲೂ ಯಾರ ರಕ್ತ, ಯಾವ ರೋಗಿ ಎಂಬ ಗುರುತಿನಲ್ಲಿ ಎಡವುವುದು ತುಂಬಾ ಅಪಾಯಕಾರಿ.

ಪಾಠ ವಿನ್ಯಾಸ ನನ್ನ ಕೆಲಸ. ತರಬೇತಿ ವಿಭಾಗದವರು ನನ್ನನ್ನು ಕರೆದದ್ದು ಸ್ಲೈಡ್‌ಗಳನ್ನು ಇನ್ನಷ್ಟು ಚೆನ್ನಾಗಿ ಮಾಡಿಕೊಡಿ ಅಂತ. ಚಿತ್ರ ಸೇರಿಸೋಣ, ವಿಡಿಯೊ ಹಾಕೋಣ, ಕೊನೆಗೆ ಒಂದೆರಡು ಕಥೆ ಇಡೋಣ ಎಂಬ ಯೋಚನೆ ಅವರದ್ದು. ಕಥೆ ಇಡುವುದು ಒಳ್ಳೆಯದೇ. ಆದರೆ ಅದನ್ನು ಕೊನೆಗೆ ಇಡುವುದರ ಬಗ್ಗೆ ನನಗೆ ತಕರಾರು ಇತ್ತು.

ಸನ್ನಿವೇಶ ಅಂದರೆ ಹೆಚ್ಚಿನವರಿಗೆ ಹೊಳೆಯುವುದು ಪಾಠ ಮುಗಿದ ಮೇಲೆ ಕಲಿಯುವವರಿಗೆ ಕೊಡುವ ಅಭ್ಯಾಸ. ಅದಕ್ಕೂ ಮುಂಚಿನ ಒಂದು ಉಪಯೋಗ ಇದೆ. ಪಾಠವನ್ನು ಕಟ್ಟುವವರು, ಕಟ್ಟುವ ಮೊದಲು, ತಮಗಾಗಿ ಬರೆದುಕೊಳ್ಳುವ ಸನ್ನಿವೇಶ. ಜಾನ್ ಕ್ಯಾರೊಲ್ ಮತ್ತು ಮೇರಿ ಬೆತ್ ರಾಸನ್ 1990ರ ದಶಕದಲ್ಲಿ ಸಾಫ್ಟ್‌ವೇರ್ ವಿನ್ಯಾಸಕ್ಕೆ ಈ ದಾರಿ ಹಾಕಿಕೊಟ್ಟರು. ಯಂತ್ರದಲ್ಲಿ ಏನೇನು ಸೌಲಭ್ಯ ಇರಬೇಕು ಅಂತ ಪಟ್ಟಿ ಮಾಡುವುದಕ್ಕಿಂತ ಮೊದಲು, ಒಬ್ಬ ವ್ಯಕ್ತಿ ಒಂದು ಕೆಲಸ ಮಾಡಿಕೊಳ್ಳಲು ಅದನ್ನು ಹೇಗೆ ಬಳಸುತ್ತಾನೆ ಅಂತ ಕಥೆಯಾಗಿ ಬರೆಯಿರಿ ಅನ್ನೋದು ಅವರ ಮಾತಿನ ಸಾರ. ಪಾಠವೂ ಯಾರೋ ಬಳಸುವ ವಸ್ತುವೇ ಅಲ್ವಾ? ಬಳಸುವ ಹೊತ್ತಿನಲ್ಲಿ ಅವರು ತರಗತಿಯಲ್ಲಿ ಇರುವುದಿಲ್ಲ, ಅಷ್ಟೇ.

ಕಥೆ ಬರೆಯಬೇಕು ಅಂದರೆ ಸಾಮಗ್ರಿ ಬೇಕು. ಕುರ್ಚಿಯಲ್ಲಿ ಕೂತು ಊಹಿಸಿದ ಸನ್ನಿವೇಶಗಳು ಯಾವಾಗಲೂ ಸ್ಲೈಡ್‌ಗಳ ಹಾಗೇ ಕಾಣುತ್ತವೆ. ಅವುಗಳಲ್ಲಿ ರೋಗಿ ಎಚ್ಚರವಾಗಿರುತ್ತಾನೆ, ಡಾಕ್ಟರ್ ಫೋನ್ ಎತ್ತುತ್ತಾರೆ, ಎಲ್ಲಾ ಸಾಮಾನು ಕೈಗೆ ಸಿಗುತ್ತದೆ. ಹಾಗಾಗಿ ನಾವು ಮನಃಶಾಸ್ತ್ರಜ್ಞ ಜಾನ್ ಫ್ಲಾನಗನ್ 1954ರಲ್ಲಿ ವಿವರಿಸಿದ ವಿಧಾನಕ್ಕೆ ಹೋದೆವು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನಾ ವಿಮಾನ ಪಡೆಗೆ ಕೆಲಸ ಮಾಡುವಾಗ ಬೆಳೆದ ವಿಧಾನ ಅದು. ಒಳ್ಳೆಯ ಪೈಲಟ್ ಹೇಗಿರಬೇಕು ಅಂತ ಕೇಳಿದರೆ ಉಪದೇಶ ಸಿಗುತ್ತದೆ. ನಿಜವಾಗಿ ನಡೆದ ಒಂದು ಘಟನೆ ಹೇಳಿ ಅಂದರೆ ಕೆಲಸ ಕಾಣಿಸುತ್ತದೆ.

ನಾವೂ ನರ್ಸ್‌ಗಳನ್ನು ಹಾಗೇ ಕೇಳಿದೆವು. "ರಕ್ತ ಕೊಡುವಾಗ ಮುಂದೇನು ಮಾಡಬೇಕು ಅಂತ ಗೊತ್ತಾಗದೇ ನಿಂತದ್ದು ಯಾವಾಗ? ಆಗ ನಿಮ್ಮ ಕೈಯಲ್ಲಿ ಏನಿತ್ತು? ಪಕ್ಕದಲ್ಲಿ ಯಾರಿದ್ರು? ಆಮೇಲೆ ಏನು ಮಾಡಿದ್ರಿ?" ಕೈಯಲ್ಲಿ ಏನಿತ್ತು ಅನ್ನೋ ಪ್ರಶ್ನೆ ತುಂಬಾ ಕೆಲಸಕ್ಕೆ ಬಂತು. ಅದನ್ನು ಕೇಳಿದ ಕೂಡಲೇ ಮಾತಾಡುವವರು ಸಾಮಾನ್ಯ ಮಾತು ಬಿಟ್ಟು ಆ ರಾತ್ರಿಗೆ ಹೋಗುತ್ತಿದ್ದರು.

ಮರೆತುಹೋಯಿತು ಅಂತ ಹೇಳಿದವರು ಬಹಳ ಕಮ್ಮಿ. ಅವರನ್ನು ನಿಲ್ಲಿಸಿದ ಕಾರಣಗಳು ಬೇರೆ. ಜೋಡಿಯಾಗಿ ತಾಳೆ ನೋಡೋಕೆ ಎರಡನೇ ನರ್ಸ್ ಸಿಗಲಿಲ್ಲ. ರೋಗಿಗೆ ಸಂಜೆಯಿಂದಲೇ ಮೈ ಬೆಚ್ಚಗಿತ್ತು, ಇದು ಹಳೇ ಜ್ವರವೋ ಹೊಸದೋ ತಿಳಿಯಲಿಲ್ಲ. ಡಾಕ್ಟರನ್ನು ಎಬ್ಬಿಸಿ ಏನೂ ಇಲ್ಲ ಅಂತಾದರೆ ಬೈಸಿಕೊಳ್ಳಬೇಕಾಗುತ್ತೆ. ಒಬ್ಬರು ಹೇಳಿದ ಮಾತು ನನ್ನಲ್ಲಿ ಹಾಗೇ ಉಳಿದಿದೆ: "ನಿಲ್ಲಿಸಿದ್ರೆ ಚೀಲ ವೇಸ್ಟ್ ಆಗುತ್ತೆ ಅಂತ ಅಂದ್ಕೊಂಡೆ. ಯಾರೋ ಕೊಟ್ಟ ರಕ್ತ ಅದು." ಇಡೀ ತರಬೇತಿಯಲ್ಲಿ ಈ ಭಯಕ್ಕೆ ಒಂದು ಸಾಲಿನ ಉತ್ತರವೂ ಇರಲಿಲ್ಲ.

ಈ ಮಾತುಗಳನ್ನು ಕೂಡಿಸಿ ಮೊದಲ ಸನ್ನಿವೇಶ ಬರೆದೆವು. ಅದನ್ನು ಇಲ್ಲಿ ಹೆಚ್ಚುಕಮ್ಮಿ ಪೂರ್ತಿಯಾಗಿ ಕೊಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಇದರಿಂದಲೇ ಹುಟ್ಟಿತು.

ರಾತ್ರಿ ಎರಡು ಗಂಟೆ. ಆಕೆ ಕೆಲಸಕ್ಕೆ ಸೇರಿ ಇದು ಮೂರನೇ ವಾರ. ಬ್ಲಡ್ ಬ್ಯಾಂಕಿನಿಂದ ಚೀಲ ಬರುತ್ತದೆ, ಸಹಿ ಹಾಕಿ ತೆಗೆದುಕೊಳ್ಳುತ್ತಾಳೆ. ರೋಗಿಯ ಹತ್ತಿರ ಹೋದರೆ ಕ್ಯಾನುಲಾ (ರಕ್ತನಾಳಕ್ಕೆ ಚುಚ್ಚಿಡುವ ಸಣ್ಣ ಕೊಳವೆ) ಹಾಕಿದ್ದ ಕೈ ಊದಿಕೊಂಡಿದೆ. ಚೀಲವನ್ನು ಮೇಜಿನ ಮೇಲಿಟ್ಟು ಬೇರೆ ಕ್ಯಾನುಲಾ ಹಾಕೋಕೆ ಶುರು ಮಾಡುತ್ತಾಳೆ. ರಕ್ತನಾಳ ಸಿಗುತ್ತಿಲ್ಲ. ಅಂತೂ ಹಾಕಿ ಮುಗಿಸುವ ಹೊತ್ತಿಗೆ ಚೀಲ ಬಂದು ಎಷ್ಟು ಹೊತ್ತಾಯಿತು ಅಂತ ಆಕೆಗೇ ಗೊತ್ತಿಲ್ಲ. ಪಕ್ಕದ ವಾರ್ಡಿನಿಂದ ಒಬ್ಬ ಸಿಸ್ಟರ್ ತಾಳೆ ನೋಡೋಕೆ ಬರುತ್ತಾರೆ. ಅವರ ವಾರ್ಡಿನಲ್ಲಿ ಬೆಲ್ ಹೊಡೆಯುತ್ತಿದೆ. ಮೇಜಿನ ಹತ್ತಿರವೇ ನಿಂತು, "ನೀನು ಓದು, ನಾನು ನೋಡ್ತೀನಿ" ಅನ್ನುತ್ತಾರೆ. ನಂಬರ್ ಸರಿ ಇದೆ, ಗುಂಪು ಸರಿ ಇದೆ. ಅವರು ಸಹಿ ಹಾಕಿ ಓಡುತ್ತಾರೆ. ಆಕೆ ರೋಗಿಯ ಬಳಿ ಬಂದು ಹೆಸರು ಹೇಳಿ, "ನೀವೇ ಅಲ್ವಾ?" ಅನ್ನುತ್ತಾಳೆ. ನಿದ್ದೆಗಣ್ಣಿನಲ್ಲಿ "ಹೂಂ" ಅನ್ನುತ್ತಾರೆ. ರಕ್ತ ಶುರುವಾಗುತ್ತದೆ. ಹತ್ತು ನಿಮಿಷದ ಮೇಲೆ ರೋಗಿ, "ಸಿಸ್ಟರ್, ಚಳಿ ಆಗ್ತಿದೆ" ಅನ್ನುತ್ತಾರೆ. ಆಕೆ ಹೊದಿಕೆ ಸರಿಮಾಡುತ್ತಾಳೆ. ಸಂಜೆಯೂ ಸ್ವಲ್ಪ ಜ್ವರ ಇತ್ತು ಅಂತ ನೆನಪು. ಡಾಕ್ಟರ್ ಈಗಷ್ಟೇ ಮಲಗಿದ್ದಾರೆ. ಇನ್ನೊಂದು ಸ್ವಲ್ಪ ಹೊತ್ತು ನೋಡೋಣ ಅಂದುಕೊಳ್ಳುತ್ತಾಳೆ.

ಇಲ್ಲಿಗೆ ಸನ್ನಿವೇಶ ನಿಲ್ಲುತ್ತದೆ. ರೋಗಿಗೆ ಏನಾಯಿತು ಅಂತ ಬರೆಯಲಿಲ್ಲ. ಮುಂದಿನದ್ದು ಬರೆದರೆ ಓದುವವರ ಗಮನ ಆ ಕೊನೆಯ ಕಡೆಗೇ ಹೋಗುತ್ತದೆ. ನಮಗೆ ಬೇಕಿದ್ದದ್ದು ಅದಕ್ಕೂ ಹಿಂದಿನ ಒಂದೊಂದು ತಿರುವು.

ಆಮೇಲೆ ಬೋಧಕರು, ಇಬ್ಬರು ಹಿರಿಯ ಸಿಸ್ಟರ್‌ಗಳು, ಬ್ಲಡ್ ಬ್ಯಾಂಕಿನ ಡಾಕ್ಟರ್ ಎಲ್ಲರೂ ಕೂತು ಇದನ್ನು ಸಾಲು ಸಾಲಾಗಿ ಓದಿದೆವು. ಪ್ರತಿ ಸಾಲಿಗೂ ಒಂದೇ ಪ್ರಶ್ನೆ: ಈ ಹೊತ್ತಿನಲ್ಲಿ ಆಕೆಗೆ ನಮ್ಮ ತರಬೇತಿ ಏನು ಕೊಟ್ಟಿದೆ?

ಮೊದಲ ತಿರುವಿನಲ್ಲೇ ಪಾಠದ ದೋಷ ಕಂಡಿತು. ಫ್ರಿಜ್‌ನಿಂದ ಹೊರಗೆ ಬಂದ ರಕ್ತವನ್ನು 30 ನಿಮಿಷದೊಳಗೆ ಶುರು ಮಾಡಬೇಕು, 4 ಗಂಟೆಯೊಳಗೆ ಮುಗಿಸಬೇಕು. ಈ ಎರಡು ಅಂಕಿ ಎಲ್ಲರಿಗೂ ಬಾಯಿಪಾಠ. ಆದರೆ ಅವು ಇದ್ದದ್ದು ರಕ್ತ ಸಂಗ್ರಹದ ಸ್ಲೈಡಿನಲ್ಲಿ, 2ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು ಅನ್ನೋ ಮಾತಿನ ಪಕ್ಕ. ಹಾಗಾಗಿ ಅದು ಬ್ಲಡ್ ಬ್ಯಾಂಕಿನ ನಿಯಮವಾಗಿ ತಲೆಯಲ್ಲಿ ಕೂತಿತ್ತು. ವಾರ್ಡಿನಲ್ಲಿ ಅದರ ಅರ್ಥ ಬೇರೆ: ಕ್ಯಾನುಲಾ ಸರಿ ಇದೆಯಾ ಅಂತ ನೋಡದೆ ಚೀಲ ತರಿಸಬೇಡಿ. ಈ ಮಾತು ಪಾಠದಲ್ಲಿ ಎಲ್ಲೂ ಇರಲಿಲ್ಲ. ಅಂಕಿ ಗೊತ್ತಿದ್ದೂ ಆಕೆ ಸಿಕ್ಕಿಹಾಕಿಕೊಂಡದ್ದು ಅದಕ್ಕೇ.

ಎರಡನೆಯದು ಗುರುತು. ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ "ರೋಗಿಯ ಗುರುತನ್ನು ಖಚಿತಪಡಿಸಿಕೊಳ್ಳಿ" ಅಂತ ಇತ್ತು. ಆಕೆ ಖಚಿತಪಡಿಸಿಕೊಂಡೆ ಅಂತಲೇ ಅಂದುಕೊಂಡಿದ್ದಾಳೆ. ಹೆಸರನ್ನು ನಾವೇ ಹೇಳಿ ಹೌದಾ ಅಂತ ಕೇಳಿದರೆ ನಿದ್ದೆಯಲ್ಲಿ ಇರುವವರು, ಕಿವಿ ಮಂದ ಇರುವವರು, ಸುಮ್ನೆ ಒಪ್ಪಿಕೊಳ್ಳುವ ಸ್ವಭಾವದವರು ಹೂಂ ಅಂದುಬಿಡುತ್ತಾರೆ. ಕೇಳಬೇಕಾದದ್ದು "ನಿಮ್ಮ ಪೂರ್ತಿ ಹೆಸರು ಹೇಳಿ, ಹುಟ್ಟಿದ ದಿನಾಂಕ ಹೇಳಿ" ಅಂತ. ಅವರು ಹೇಳಿದ್ದನ್ನು ಕೈಪಟ್ಟಿಯ ಜೊತೆ, ಕೈಪಟ್ಟಿಯನ್ನು ಚೀಲದ ಚೀಟಿಯ ಜೊತೆ ತಾಳೆ ನೋಡಬೇಕು. ಅದೂ ಹಾಸಿಗೆಯ ಪಕ್ಕದಲ್ಲೇ. ಮೇಜಿನ ಹತ್ತಿರ ಎಷ್ಟೇ ಚೆನ್ನಾಗಿ ತಾಳೆ ನೋಡಿದರೂ ಅಲ್ಲಿ ರೋಗಿ ಇರುವುದಿಲ್ಲ. ಕಾಗದಕ್ಕೆ ಕಾಗದ ಹೊಂದುತ್ತದೆ, ಅಷ್ಟೇ.

ಮೂರನೆಯದು ಚಳಿ. ಇಲ್ಲಿ ನಾವು ಕ್ಯಾರೊಲ್ ಮತ್ತು ರಾಸನ್ ಅವರ ಇನ್ನೊಂದು ಉಪಾಯ ಬಳಸಿದೆವು. ಸನ್ನಿವೇಶದಲ್ಲಿ ಎದುರಾಗುವ ಪ್ರತಿ ವಿನ್ಯಾಸದ ಅಂಶಕ್ಕೂ ಅದರಿಂದ ಆಗುವ ಒಳ್ಳೆಯದು, ಆಗುವ ಕೆಟ್ಟದ್ದು ಎರಡನ್ನೂ ಬರೆಯುವುದು. ಹಳೇ ಪಾಠದಲ್ಲಿ ಒಂದು ದೊಡ್ಡ ಕೋಷ್ಟಕ ಇತ್ತು. ರಕ್ತ ಕೊಟ್ಟಾಗ ಆಗಬಹುದಾದ ಪ್ರತಿಕ್ರಿಯೆಗಳ ಹೆಸರು, ಕಾರಣ, ಲಕ್ಷಣ, ಚಿಕಿತ್ಸೆ. ಒಳ್ಳೆಯದು ಏನು? ಎಲ್ಲಾ ಒಂದೇ ಕಡೆ ಸಿಗುತ್ತದೆ, ಪರೀಕ್ಷೆಗೆ ಓದಿಕೊಳ್ಳೋಕೆ ಸಲೀಸು. ಕೆಟ್ಟದ್ದು ಏನು ಅಂತ ಒಬ್ಬ ಸಿಸ್ಟರ್ ಹೇಳಿದರು: "ಇದನ್ನ ನೋಡಿದ್ರೆ ಯಾವ ರಿಯಾಕ್ಷನ್ ಅಂತ ಗೊತ್ತಾದ ಮೇಲೇ ಏನಾದ್ರೂ ಮಾಡ್ಬೇಕು ಅನ್ಸುತ್ತೆ." ಅದೇ ಸರಿಯಾದ ಮಾತು. ಕೋಷ್ಟಕ ಹೆಸರಿನಿಂದ ಶುರುವಾಗುತ್ತದೆ. ವಾರ್ಡಿನ ಕೆಲಸ ಲಕ್ಷಣದಿಂದ ಶುರುವಾಗುತ್ತದೆ, ಹೆಸರು ಎಷ್ಟೋ ಹೊತ್ತಿನ ಮೇಲೆ ಡಾಕ್ಟರಿಂದ ಬರುತ್ತದೆ. ಅನುಮಾನ ಬಂದ ಕ್ಷಣ ನರ್ಸ್ ಮಾಡಬೇಕಾದದ್ದು ರಕ್ತ ನಿಲ್ಲಿಸುವುದು. ಪ್ರತಿಕ್ರಿಯೆ ಯಾವುದೇ ಇರಲಿ, ಮೊದಲ ಹೆಜ್ಜೆ ಒಂದೇ. ಡಾಕ್ಟರುಗಳಿಗೆ ಒಪ್ಪುವ ಕೋಷ್ಟಕವನ್ನು ನರ್ಸ್‌ಗಳ ಪಾಠದ ನಡುವೆ ಇಟ್ಟಿದ್ದರಿಂದ ನಿಲ್ಲಿಸುವುದು ತಡವಾಗುತ್ತಿತ್ತು.

ಇಷ್ಟಾದ ಮೇಲೆ ಪಾಠದ ಕ್ರಮ ತಾನಾಗಿಯೇ ಬದಲಾಯಿತು. ಹಳೇದರಲ್ಲಿ ವಿಷಯಗಳ ಕ್ರಮ ಇತ್ತು: ರಕ್ತದ ಗುಂಪುಗಳು, ಸಂಗ್ರಹ, ವಿಧಾನ, ಪ್ರತಿಕ್ರಿಯೆ. ಹೊಸದು ಚೀಲದ ದಾರಿ ಹಿಡಿಯಿತು. ಚೀಲ ತರಿಸುವ ಮುಂಚೆ, ಬಂದಾಗ, ಹಾಸಿಗೆಯ ಪಕ್ಕ, ಮೊದಲ 15 ನಿಮಿಷ, ಆಮೇಲೆ. ಮೊದಲ 15 ನಿಮಿಷಕ್ಕೆ ಇಡೀ ತರಬೇತಿಯ ದೊಡ್ಡ ಪಾಲು ಕೊಟ್ಟೆವು, ಯಾಕೆಂದರೆ ಜೀವಕ್ಕೆ ಕುತ್ತು ತರುವ ಪ್ರತಿಕ್ರಿಯೆಗಳು ಬಹುಪಾಲು ಶುರುವಿನಲ್ಲೇ ಕಾಣಿಸಿಕೊಳ್ಳುತ್ತವೆ. ಆ ಹೊತ್ತು ನರ್ಸ್ ರೋಗಿಯ ಹತ್ತಿರವೇ ಇರಬೇಕು. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದ ಗುಂಪುಗಳ ಬಗ್ಗೆ ಪ್ರಕಟಿಸಿದ ವಿಷಯದಿಂದ ಹಳೇ ಪಾಠ ಶುರುವಾಗುತ್ತಿತ್ತು. ಅದು ಕೈಪಿಡಿಗೆ ಹೋಯಿತು.

ಬ್ಲಡ್ ಬ್ಯಾಂಕಿನ ಡಾಕ್ಟರಿಗೆ ಇದು ಹಿಡಿಸಲಿಲ್ಲ. "ಕಾರಣ ತಿಳಿಯದೆ ಕೆಲಸ ಮಾಡಿದ್ರೆ ಬರೀ ಹೇಳಿದ್ದನ್ನ ಮಾಡೋ ಜನ ಆಗ್ತಾರೆ. ಪಟ್ಟಿಯಲ್ಲಿ ಇಲ್ಲದ್ದು ಎದುರಾದ ದಿನ ಏನ್ ಮಾಡ್ತಾರೆ?" ಅಂತ ಕೇಳಿದರು. ಅವರ ಮಾತಿನಲ್ಲಿ ಹುರುಳಿತ್ತು. ವಾರ್ಡಿಗೆ ಬೇಕಾದಷ್ಟೇ ಹೇಳಿಕೊಟ್ಟರೆ ಸಾಕು ಅಂತ ಹೊರಡುವ ಪಾಠಗಳು ಹೀಗೇ ಬಡವಾಗುತ್ತವೆ. ಅವರ ಪ್ರಶ್ನೆಗೆ ಉತ್ತರವನ್ನೂ ಸನ್ನಿವೇಶದಲ್ಲೇ ಹುಡುಕಿದೆವು. ಯಾವ ಕಾರಣ ತಿಳಿದರೆ ನಿರ್ಧಾರ ಬದಲಾಗುತ್ತದೋ ಆ ಕಾರಣವನ್ನು ಆ ಸಾಲಿನಲ್ಲೇ ಇಡೋಣ ಅಂತ ಒಪ್ಪಿದೆವು.

ಒಂದು ಉದಾಹರಣೆ. ಸನ್ನಿವೇಶಕ್ಕೆ ಒಂದು ಸಾಲು ಸೇರಿಸಿದೆವು: ರೋಗಿಗೆ ಆಗಲೇ ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಬಾಟಲಿ ಹೋಗುತ್ತಿದೆ, ಅದೇ ಲೈನಿಗೆ ರಕ್ತ ಜೋಡಿಸಿಬಿಟ್ಟರೆ ಕೆಲಸ ಬೇಗ ಆಗುತ್ತದೆ. ಹಳೇ ಸ್ಲೈಡಿನಲ್ಲಿ "ರಕ್ತದ ಜೊತೆ ನಾರ್ಮಲ್ ಸಲೈನ್ ಮಾತ್ರ" ಅಂತ ಇತ್ತು. ಈಗ ಕಲಿಯುವವರು ಈ ಸಾಲಿಗೆ ಬಂದಾಗ ಬೋಧಕರು ಕಾರಣ ಹೇಳುತ್ತಾರೆ. ಡೆಕ್ಸ್‌ಟ್ರೋಸ್ ಸೇರಿದರೆ ಕೆಂಪು ರಕ್ತಕಣಗಳು ಒಡೆಯಬಹುದು. ಚೀಲದ ರಕ್ತ ಹೆಪ್ಪುಗಟ್ಟದ ಹಾಗೆ ಸಿಟ್ರೇಟ್ ತಡೆಯುತ್ತಿರುತ್ತದೆ, ಕ್ಯಾಲ್ಸಿಯಂ ಇರುವ ರಿಂಗರ್ ಲ್ಯಾಕ್ಟೇಟ್ ಎಂಬ ಡ್ರಿಪ್ ದ್ರಾವಣ ಸೇರಿದರೆ ಆ ತಡೆ ಹೋಗಿ ಹೆಪ್ಪುಗಟ್ಟಬಹುದು. ಕಾರಣ ತಿಳಿದವರು ನಾಳೆ ಹೆಸರೇ ಕೇಳದ ಬಾಟಲಿ ನೇತಾಡುತ್ತಿದ್ದರೂ ಜೋಡಿಸುವ ಮುಂಚೆ ಕೇಳುತ್ತಾರೆ. ಡಾಕ್ಟರಿಗೆ ಸಮಾಧಾನ ಆಯಿತು. ಮುಂದಿನ ಕೆಲವು ಸಾಲುಗಳ ಕಾರಣಗಳನ್ನು ಅವರೇ ಕೂತು ಬರೆದುಕೊಟ್ಟರು.

ಚೀಲ ವೇಸ್ಟ್ ಆಗುತ್ತೆ ಅನ್ನೋ ಭಯಕ್ಕೂ ಇದೇ ರೀತಿ ಜಾಗ ಸಿಕ್ಕಿತು. ನಿಲ್ಲಿಸಿದ ಮಾತ್ರಕ್ಕೆ ಚೀಲ ಹಾಳಾಗಲ್ಲ. ಡಾಕ್ಟರ್ ಬಂದು ನೋಡಿ, ಸಣ್ಣ ಪ್ರತಿಕ್ರಿಯೆ ಅಂತ ತೀರ್ಮಾನಿಸಿದರೆ, 4 ಗಂಟೆಯ ಮಿತಿಯೊಳಗೆ ನಿಧಾನವಾಗಿ ಮತ್ತೆ ಶುರು ಮಾಡಬಹುದು. ಈ ಒಂದು ವಿಷಯ ತಿಳಿದ ಮೇಲೆ ಕಲಿಯುವವರ ಕೈ ಬೇಗ ಹರಿವು ನಿಲ್ಲಿಸುವ ಕ್ಲ್ಯಾಂಪಿಗೆ ಹೋಗುತ್ತಿತ್ತು. ಅದರ ಮುಂದಿನ ಹೆಜ್ಜೆಗಳನ್ನು ಬಾಯಲ್ಲಿ ಹೇಳಿಸಿದ್ದಕ್ಕಿಂತ ಕೈಯಲ್ಲಿ ಮಾಡಿಸಿದ್ದೇ ಜಾಸ್ತಿ: ರಕ್ತ ನಿಲ್ಲಿಸು, ಸಹಾಯಕ್ಕೆ ಕೂಗು, ಹೊಸ ಸೆಟ್ (ಚೀಲದಿಂದ ರೋಗಿಗೆ ಹೋಗುವ ಕೊಳವೆ) ಹಾಕಿ ಸಲೈನ್‌ನಿಂದ ಲೈನ್ ತೆರೆದಿಡು, ಗುರುತು ಮತ್ತೆ ತಾಳೆ ನೋಡು, ಚೀಲ ಮತ್ತು ಸೆಟ್ ಎಸೆಯದೆ ಬ್ಲಡ್ ಬ್ಯಾಂಕಿಗೆ ಕಳಿಸಲು ಇಟ್ಟುಕೋ. ಡಾಕ್ಟರಿಗೆ ಫೋನಿನಲ್ಲಿ ಏನು ಹೇಳಬೇಕು ಅನ್ನೋದನ್ನೂ ಗಟ್ಟಿಯಾಗಿ ಹೇಳಿಸಿದೆವು. "ರೋಗಿಗೆ ಚಳಿ ಆಗ್ತಿದೆ" ಅಂತ ಹೇಳುವುದಕ್ಕೂ "ರಕ್ತ ಶುರು ಮಾಡಿ ಹತ್ತು ನಿಮಿಷಕ್ಕೆ ನಡುಕ ಬಂದಿದೆ, ನಿಲ್ಲಿಸಿದ್ದೀನಿ, ನೀವು ಬಂದು ನೋಡಬೇಕು" ಅಂತ ಹೇಳುವುದಕ್ಕೂ ಬಹಳ ವ್ಯತ್ಯಾಸ ಇದೆ.

ಇನ್ನು ಕಲಿಯುವವರ ಕೈಗೆ ಕೊಡುವ ಸನ್ನಿವೇಶಗಳು. ಮೊದಲ ಕರಡುಗಳನ್ನು ಕೆಲವು ನರ್ಸ್‌ಗಳ ಜೊತೆ ಕಾಗದದ ಮೇಲೇ ಪ್ರಯೋಗ ಮಾಡಿದೆವು. ಓದುತ್ತಾ ಹೋಗಿ, ತಲೆಗೆ ಬಂದದ್ದನ್ನೆಲ್ಲ ಜೋರಾಗಿ ಹೇಳಿ ಅಂದೆವು. ಎರಡನೇ ಸನ್ನಿವೇಶಕ್ಕೆ ಬರುವಷ್ಟರಲ್ಲಿ ಒಬ್ಬರು, "ಈಗ ಇವರಿಗೂ ರಿಯಾಕ್ಷನ್ ಬರುತ್ತೆ ನೋಡಿ" ಅಂದರು. ಅವರ ಊಹೆ ಸರಿ ಇತ್ತು. ಕರಡುಗಳಲ್ಲಿ ಎಲ್ಲಾ ರೋಗಿಗಳಿಗೂ ಪ್ರತಿಕ್ರಿಯೆ ಬರುತ್ತಿತ್ತು. ಸನ್ನಿವೇಶ ಆಧಾರಿತ ಪಾಠಗಳಲ್ಲಿ ನಾನು ಅತಿ ಹೆಚ್ಚು ನೋಡುವ ದೋಷ ಇದು. ಪ್ರತಿ ಸಲ ಕೆಟ್ಟದ್ದೇ ಆಗುವುದಾದರೆ ಕಲಿಯುವವರು ಗಮನಿಸುವುದನ್ನು ಕಲಿಯಲ್ಲ, ಕಾಯುವುದನ್ನು ಕಲಿಯುತ್ತಾರೆ. ನಿಜವಾದ ವಾರ್ಡಿನಲ್ಲಿ ಬಹುತೇಕ ಚೀಲಗಳು ಏನೂ ಆಗದೆ ಮುಗಿಯುತ್ತವೆ. ಎಚ್ಚರ ತಪ್ಪುವುದೂ ಅಂಥ ಹೊತ್ತಿನಲ್ಲೇ. ಹಾಗಾಗಿ ಏನೂ ಆಗದ ಸನ್ನಿವೇಶಗಳನ್ನು ಸೇರಿಸಿದೆವು. ಯಾವುದರಲ್ಲಿ ಏನಿದೆ ಅಂತ ಶೀರ್ಷಿಕೆಯಿಂದ ಗೊತ್ತಾಗದ ಹಾಗೆ ಹಾಸಿಗೆಯ ನಂಬರ್ ಮಾತ್ರ ಕೊಟ್ಟೆವು. ಮಾತಾಡಲಾಗದ ರೋಗಿ, ಒಂದೇ ಹೆಸರಿನ ಇಬ್ಬರು, ಎತ್ತದ ಫೋನ್, ಇವೂ ಒಂದೊಂದಾಗಿ ಒಳಗೆ ಬಂದವು.

ಇವುಗಳಲ್ಲಿ ನನಗೆ ತುಂಬಾ ಮೆಚ್ಚುಗೆಯಾದದ್ದು ಜ್ವರದ ಸನ್ನಿವೇಶ. ಅದರಲ್ಲಿ ರಕ್ತ ಶುರು ಮಾಡಿ 15 ನಿಮಿಷಕ್ಕೆ ರೋಗಿಯ ತಾಪಮಾನ 38.2 ಡಿಗ್ರಿ ಸೆಲ್ಸಿಯಸ್. ಸಾಮಾನ್ಯವಾಗಿ ಬಳಸುವ ಗೆರೆ ಏನೆಂದರೆ, 38 ಮುಟ್ಟಿರಬೇಕು, ಜೊತೆಗೆ ಶುರುವಿಗಿಂತ 1 ಡಿಗ್ರಿಯಾದರೂ ಏರಿರಬೇಕು. ಅಂದರೆ ಶುರುವಿನ ತಾಪಮಾನ 37.9 ಇದ್ದರೆ ಒಂದು ಅರ್ಥ, 36.8 ಇದ್ದರೆ ಇನ್ನೊಂದು. ಆ ಶುರುವಿನ ಅಂಕಿಯನ್ನು ನಾವು ಕೊಡುವುದಿಲ್ಲ. ಸನ್ನಿವೇಶದ ಆರಂಭದಲ್ಲಿ, ಚೀಲ ತರಿಸುವ ಮುಂಚೆ, ತಾಪಮಾನ ನೋಡಿದ್ದೀರಾ ಅಂತ ಕಲಿಯುವವರು ತಾವಾಗಿ ಕೇಳಿದ್ದರೆ ಮಾತ್ರ ಬೋಧಕರು ಅದನ್ನು ಹೇಳಿರುತ್ತಾರೆ. ಕೇಳದವರು ಈ ಜಾಗಕ್ಕೆ ಬಂದು ಹಿಂದಕ್ಕೆ ಪುಟ ತಿರುಗಿಸುತ್ತಾರೆ. ಅಲ್ಲಿ ಏನೂ ಇರುವುದಿಲ್ಲ. ಹೋಲಿಸೋಕೆ ಅಂಕಿ ಇಲ್ಲದ ಮೇಲೆ ಹೊಸ ಜ್ವರ ಅಂತಲೇ ತಿಳಿದು ನಿಲ್ಲಿಸಬೇಕು. ಅಂಕ ಕಳೆಯುವ ಅಗತ್ಯವೇ ಬೀಳಲಿಲ್ಲ. "ಶುರು ಮಾಡುವ ಮುನ್ನ ತಾಪಮಾನ, ನಾಡಿ, ಬಿಪಿ ದಾಖಲಿಸಿ" ಅಂತ ಹತ್ತು ಸಲ ಹೇಳಿದ್ದಕ್ಕಿಂತ ಆ ಖಾಲಿ ಪುಟ ಜಾಸ್ತಿ ಕಲಿಸಿತು.

ಹೊಸ ತರಬೇತಿಯನ್ನು ಅಳೆಯುವುದು ಹೇಗೆ ಅನ್ನೋ ಮಾತೂ ಬಂತು. ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ನಾಲ್ಕು ಹಂತಗಳಲ್ಲಿ ನೋಡಬೇಕು ಅಂದಿದ್ದರು: ಕಲಿತವರಿಗೆ ಇಷ್ಟವಾಯಿತಾ, ಕಲಿತರಾ, ಕೆಲಸದಲ್ಲಿ ನಡವಳಿಕೆ ಬದಲಾಯಿತಾ, ಕೊನೆಗೆ ಫಲ ಸಿಕ್ಕಿತಾ. ಹಳೇ ಪರೀಕ್ಷೆ ಎರಡನೇ ಹಂತದಲ್ಲೇ ನಿಂತಿತ್ತು. ನಮಗೆ ಬೇಕಿದ್ದದ್ದು ಮೂರನೆಯದು. ಅದಕ್ಕೆ ಸನ್ನಿವೇಶದ ತಿರುವುಗಳನ್ನೇ ಒಂದು ಸಣ್ಣ ಹಾಳೆಯಲ್ಲಿ ಬರೆದು ಹಿರಿಯ ಸಿಸ್ಟರ್‌ಗಳಿಗೆ ಕೊಟ್ಟೆವು. ಹೊಸಬರು ರಕ್ತ ಕೊಡುವಾಗ ಪಕ್ಕದಲ್ಲಿದ್ದು ನೋಡಿ ಅಂದೆವು. ಬೇಗ ಕಂಡ ಬದಲಾವಣೆ ಎರಡು. "ನಿಮ್ಮ ಹೆಸರು ಹೇಳಿ" ಅನ್ನೋ ಮಾತು ವಾರ್ಡಿನಲ್ಲಿ ಕೇಳಿಸತೊಡಗಿತು. ಕ್ಯಾನುಲಾ ನೋಡಿ ಆಮೇಲೆ ಚೀಲಕ್ಕೆ ಹೇಳಿಕಳಿಸುವುದು ರೂಢಿಯಾಯಿತು. ಡಾಕ್ಟರಿಗೆ ಫೋನ್ ಮಾಡುವ ಹಿಂಜರಿಕೆ ನಿಧಾನವಾಗಿ ಕರಗುತ್ತಿದೆ. ಅದು ಫೋನಿನ ಆ ಕಡೆ ಇರುವವರ ದನಿಯ ಮೇಲೂ ನಿಂತಿದೆ.

ಬದಲಾಗದೇ ಉಳಿದದ್ದು ರಾತ್ರಿಯ ಜೋಡಿ ತಾಳೆ. ಎರಡನೇ ಸಿಸ್ಟರ್ ಈಗಲೂ ಓಡಿಬಂದು ಓಡಿಹೋಗುತ್ತಾರೆ. ಮತ್ತೊಂದು ಪಾಠ ಮಾಡೋಣ ಅಂತ ತರಬೇತಿ ವಿಭಾಗದವರು ಹೇಳಿದರು. ನಾನು ಒಪ್ಪಲಿಲ್ಲ. ಸನ್ನಿವೇಶವನ್ನು ಮತ್ತೆ ಓದಿದರೆ ಆ ಸಿಸ್ಟರಿಗೆ ತಿಳಿವಳಿಕೆಯ ಕೊರತೆ ಇಲ್ಲ, ಅವರ ವಾರ್ಡಿನಲ್ಲಿ ಬೆಲ್ ಹೊಡೆಯುತ್ತಿದೆ. ಜನ ಕಮ್ಮಿ ಇರುವ ಕಡೆ ಪಾಠ ಜಾಸ್ತಿ ಮಾಡಿದರೆ ಪ್ರಯೋಜನ ಇಲ್ಲ, ಕೆಲಸ ಮಾಡುವವರಿಗೆ ಬೇಸರ ಮಾತ್ರ. ಅದೇ ಸನ್ನಿವೇಶವನ್ನು ಒಂದು ಟಿಪ್ಪಣಿಯ ಜೊತೆ ಆಡಳಿತಕ್ಕೆ ಕಳಿಸಿದೆವು. ತುರ್ತು ಇಲ್ಲದ ರಕ್ತವನ್ನು ರಾತ್ರಿ ಕೊಡದೆ ಹಗಲಿಗೆ ಇಟ್ಟುಕೊಳ್ಳಬೇಕು, ತುರ್ತು ಇದ್ದಾಗ ತಾಳೆಗೆ ಯಾರು ಬರಬೇಕು ಅನ್ನೋದು ಡ್ಯೂಟಿ ಪಟ್ಟಿಯಲ್ಲೇ ಇರಬೇಕು ಅಂತ ತೀರ್ಮಾನವಾಯಿತು. ಮೊದಲನೆಯದು ಜಾರಿಗೆ ಬಂದಿದೆ. ಎರಡನೆಯದು ಇನ್ನೂ ಕೆಲವು ವಾರ್ಡ್‌ಗಳಲ್ಲಿ ಮಾತ್ರ.

ಮುಂದೆ ಅಲ್ಲಿ ಕೈಪಟ್ಟಿಗೂ ಚೀಲಕ್ಕೂ ಬಾರ್‌ಕೋಡ್ ಬರಲಿದೆ. ಆಗ ತಾಳೆ ನೋಡುವುದು ಸ್ಕ್ಯಾನರ್. ಸ್ಕ್ಯಾನರ್ ಹೇಗೆ ಹಿಡಿಯಬೇಕು ಅನ್ನೋ ವಿಡಿಯೊ ಆಗಲೇ ತಯಾರಾಗಿದೆ. ಸನ್ನಿವೇಶ ಬರೆಯುವ ಕೆಲಸ ಮತ್ತೆ ಶುರುವಾಗಿದೆ. ಮೊದಲ ಕರಡಿನಲ್ಲಿ ರೋಗಿಯ ಕೈ ಊದಿಕೊಂಡಿದ್ದರಿಂದ ಯಾರೋ ಕೈಪಟ್ಟಿ ಕತ್ತರಿಸಿ ಹಾಸಿಗೆಯ ಕಂಬಿಗೆ ಕಟ್ಟಿದ್ದಾರೆ, ಸಂಜೆ ಆ ಹಾಸಿಗೆಗೆ ಬೇರೆ ರೋಗಿ ಬಂದಿದ್ದಾರೆ. ಸ್ಕ್ಯಾನರ್ ಹಸಿರು ತೋರಿಸುತ್ತದೆ. ಹಿರಿಯ ಸಿಸ್ಟರ್‌ಗಳು ಇದನ್ನು ಓದಿ, ಕಂಬಿಗೆ ಕಟ್ಟುವುದು ನಿಜವಾಗಿಯೂ ನಡೆಯುತ್ತದೆ, ಇದರಿಂದಲೇ ಪಾಠ ಶುರು ಮಾಡಿ ಅಂದಿದ್ದಾರೆ.